ನಮ್ಮೋರು ಅಂದ್ರೆ ಎಲ್ಲೀತನಕ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ನಮ್ಮ ಮಂಜಣ್ಣನಿಗೆ ಹುಡುಗಿ ನೋಡಲು ಹೋದ ಮನೆಯಲ್ಲಿ, ಹುಡುಗಿಯ ಅಜ್ಜಿ ಕೇಳಿದ ಪ್ರಶ್ನೆಗೆ ಅದೇ ಅಜ್ಜಿಯ ದನಿಯಲ್ಲಿ, ಅದೇ ರಾಗದಲ್ಲಿ, ಅದೇ ಥರ ಗಲ್ಲಕ್ಕೆ ಬೆರಳಿಟ್ಟುಕೊಂಡು ಉತ್ತರ ಕೊಟ್ಟ ಮಹಾನುಭಾವ ನಾನೇ. ಬೇಕಂತ ಮಾಡಿದ್ದಲ್ಲ. ಬೇಕಂತ ಮಾಡಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತಿದ್ದೆ.

ಇದು ನೆನಪಾದದ್ದು ಮೊನ್ನೆ ಬಸ್ಸಿನಲ್ಲಿ. ಕೆ.ಆರ್.ಪೇಟೆಯಿಂದ ಪಾಂಡವಪುರಕ್ಕೆ ಬರುತ್ತಿದ್ದೆ. ಹೊಸಹೊಳಲಿನ ಹೆಂಗಸೊಬ್ಬರು ಪಕ್ಕದಲ್ಲಿ ಕೂತು, ಚೀಲವನ್ನು ತೊಡೆಗೇರಿಸಿ, ಉಸಿರು ಬಿಡುವ ಮೊದಲೇ ಕೇಳಿದರು: “ಯಾವ ಕಡೆಯೋರಪ್ಪ ನೀವು?”

ನಮ್ಮಲ್ಲಿ ಇದು ಹೆಸರಿಗಿಂತ ಮುಂಚಿನ ಪ್ರಶ್ನೆ. ಹೆಸರು ಕೇಳದೆ ದಾರಿಯುದ್ದ ಮಾತಾಡಬಹುದು. ಕಡೆ ಗೊತ್ತಾಗದೆ ಒಂದು ಕಡ್ಲೆಕಾಯಿ ಕೂಡ ಕೊಡಲಾಗುವುದಿಲ್ಲ. ಪಾಂಡವಪುರದ ಕಡೆ ಅಂದೆ.

“ಅದ್ರಲ್ಲಿ ಯಾವ ಕಡೆ?”

“ತೊಣ್ಣೂರು ಕಡೆ.”

“ಕೆರೆಯಿಂದ ಈಚೆಗೋ ಆಚೆಗೋ?”

ನೋಡಿ, ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ನಾನು ಬರೀ ಮಂಡ್ಯದವನು. ಅಷ್ಟಕ್ಕೇ ಎದುರಿನವರು ಸ್ವಲ್ಪ ಹಿಂದೆ ಸರಿದು ಜಾಗ ಕೊಡುತ್ತಾರೆ. ಮಂಡ್ಯದಲ್ಲಿ ಮಂಡ್ಯದವನು ಅಂದರೆ ನಗುತ್ತಾರೆ, ಅಲ್ಲಿ ಪಾಂಡವಪುರದವನಾಗಬೇಕು. ಪಾಂಡವಪುರದಲ್ಲಿ ಊರಿನ ಹೆಸರು, ಊರಿನಲ್ಲಿ ಮೂಲೆಮನೆಯವನು. ಮೂಲೆಮನೆಯೊಳಗೆ ಕಾಲಿಟ್ಟರೆ ಅಪ್ಪನಿಗೂ ದೊಡ್ಡಪ್ಪನಿಗೂ ಭಾಗವಾಗಿ ನಡುವೆ ಗೋಡೆ ಎದ್ದಿದೆ. ಅಲ್ಲಿ ನಾನು ಗೋಡೆಯಿಂದ ಈಚೆಯವನು. ಆಯಮ್ಮನನ್ನು ಹಾಗೇ ಬಿಟ್ಟಿದ್ದರೆ ನಾನು ಯಾವ ಚಾಪೆಯವನು ಅನ್ನುವತನಕ ಬರುತ್ತಿದ್ದರೋ ಏನೋ. ಕೊನೆಗೆ ನನ್ನ ಮುಖವನ್ನೇ ದಿಟ್ಟಿಸಿ, “ಮಾತು ಕೇಳಿದ್ರೆ ನಮ್ಮ ಕಡೆಯೋರಂಗೇ ಅದೀರಲ್ಲಪ್ಪ” ಅಂದರು.

ಮತ್ತೆ ಶುರುವಾಗಿತ್ತು ನನ್ನ ಕಾಯಿಲೆ.

ಕಾಯಿಲೆ ಅಂದರೆ ಇಷ್ಟೇ: ಎದುರಿನವರು ಹೇಗೆ ಮಾತಾಡುತ್ತಾರೋ ನನ್ನ ಬಾಯಿ ಹಾಗೇ ತಿರುಗಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಹೆಡ್‌ಮಾಸ್ತರರ ಕೆಮ್ಮನ್ನು ಅವರ ಎದುರಿಗೇ ಕೆಮ್ಮಿ ಬೆಂಚಿನ ಮೇಲೆ ನಿಂತವನು ನಾನು. ನಮ್ಮವ್ವ, “ಮಗ ಉಟ್ತಾನೆ ಅಂತ ಕಾಯ್ತಿದ್ರೆ ಗಿಣಿ ಉಟ್ಬುಡ್ತು” ಅನ್ನುತ್ತಿದ್ದಳು. ಹಾಗಂದದ್ದನ್ನೂ ಅವಳ ದನಿಯಲ್ಲೇ ಅಪ್ಪನಿಗೆ ವರದಿ ಮಾಡಿ ಅದಕ್ಕೂ ಏಟು ತಿಂದೆ.

ಕಾಲೇಜಿಗೆ ಬಂದಮೇಲೆ ಕಾಯಿಲೆಗೆ ಚಪ್ಪಾಳೆ ಸಿಕ್ಕತೊಡಗಿತು. ನನ್ನದೊಂದು ಹೆಸರಾದ ಐಟಮ್ಮಿತ್ತು: ‘ಬಸ್ಸು ಹೋಯ್ತಾ?’ ಅನ್ನುವ ಒಂದೇ ಪ್ರಶ್ನೆಗೆ ನಾಲ್ಕು ತಾಲ್ಲೂಕಿನವರ ಉತ್ತರ. ಶ್ರೀರಂಗಪಟ್ಟಣದವನು ಮೀಸೆ ತಿರುವಿ, “ಈ ದಾರೀಲಿ ರಾಜ್ರೇ ಒಂಟೋದ್ರು, ಬಸ್ಸು ಯಾವ ಲೆಕ್ಕ?” ಅನ್ನುತ್ತಾನೆ. ಪಾಂಡವಪುರದವನು ಉತ್ತರ ಕೊಡುವುದಿಲ್ಲ, ವಿಚಾರಣೆ ಮಾಡುತ್ತಾನೆ: “ಯಾವ್ ಬಸ್ಸು? ಯಾರ ಮನೇಗ್ ಓಗ್ಬೇಕು? ಏನ್ ಇಸ್ಯ?” ಕೆ.ಆರ್.ಪೇಟೆಯವನಿಗೆ ಮನೆಗೊಬ್ಬ ಮುಂಬಯಿಯಲ್ಲಿ ಇದ್ದು ಬಂದವನ ಜೋರು: “ಬಾಂಬೆ ಬಸ್ಸೋ ಲೋಕಲ್ಲೋ, ಸರ್ಯಾಗ್ ಕೇಳ್ಲಾ.” ನಾಗಮಂಗಲದವನು ಸುಮಾರು ಹೊತ್ತು ಆಕಾಶ ನೋಡಿ, “ಕೂತ್ಕಳ್ಲಾ, ಬತ್ತದೆ. ಮಳೆನೇ ಕಾಯ್ತೀವಂತೆ, ಬಸ್ಸು ಕಾಯಕ್ಕೇನು” ಅನ್ನುತ್ತಾನೆ.

ಜನ ಬಿದ್ದು ಬಿದ್ದು ನಗುತ್ತಿದ್ದರು. ಒಂದು ಸಲ ಕೆ.ಆರ್.ಪೇಟೆಯ ಸಮಾರಂಭವೊಂದರಲ್ಲಿ ಗಾಬರಿಯಿಂದ ಅದಲುಬದಲು ಮಾಡಿ, ಅವರ ಉತ್ತರವನ್ನು ಪಾಂಡವಪುರದವರ ಬಾಯಿಗೆ ಹಾಕಿಬಿಟ್ಟೆ. ಮುಗಿಯಿತು ಅಂದುಕೊಂಡೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ತೊಡೆ ತಟ್ಟಿಕೊಂಡು, “ಅಚ್ಚು ಪಾಂಡವಪುರದೋರೇ ಕಣ್ಲಾ, ಅವರ ಬುದ್ಧಿನೇ ಅದು” ಅಂದರು. ನಾನು ಸೃಷ್ಟಿಸಿದ ಸುಳ್ಳನ್ನು ಅವರು ಕಣ್ಣಾರೆ ಕಂಡಿದ್ದರು. ಆವತ್ತಿನಿಂದ ನನಗೆ ಈ ವ್ಯತ್ಯಾಸಗಳ ಮೇಲಿನ ನಂಬಿಕೆ ಹೋಯಿತು. ಐಟಮ್ಮು ಮಾತ್ರ ಬಿಡಲಿಲ್ಲ.

ಸಾಲದ್ದಕ್ಕೆ ಮೈಸೂರಿನಲ್ಲಿ ಮಾನವಶಾಸ್ತ್ರದ ಎಂ.ಎ. ಬೇರೆ ಮಾಡಿದೆ. ಅದು ಡಾಕ್ಟರಿಕೆಗೆ ಹತ್ತಿರದ್ದು ಅಂದುಕೊಂಡು ಊರಿನಲ್ಲಿ ಒಬ್ಬರು ಮಂಡಿನೋವು ತೋರಿಸಿದರು. ನಮ್ಮ ಮೇಷ್ಟ್ರು ಜನಾಂಗೀಯ ಅಸ್ಮಿತೆ ಅನ್ನುವ ಪಾಠ ಶುರುಮಾಡುತ್ತಾ ಕೇಳಿದ್ದರು: “ಒಂದು ಜನ ಇನ್ನೊಂದು ಜನಕ್ಕಿಂತ ಬೇರೆ ಅಂತ ಯಾವುದರಿಂದ ಹೇಳ್ತೀರಿ?” ಭಾಷೆ ಅಂದೆವು, ಒಂದೇ ಭಾಷೆಯಲ್ಲಿ ಬೈದಾಡಿಕೊಂಡು ಬೇರೆಯಾದವರ ಕತೆ ಹೇಳಿದರು. ಉಡುಪು ಅಂದೆವು, ಸುಮ್ಮನೆ ನಮ್ಮ ಜೀನ್ಸ್ ಪ್ಯಾಂಟುಗಳ ಕಡೆ ನೋಡಿದರು. ರಕ್ತ ಅಂದ ಒಬ್ಬ. ಮೇಷ್ಟ್ರು ನಕ್ಕರು: “ಕೆಲವು ಪಂಡಿತರೂ ಹಾಗೇ ಅಂತಾರಪ್ಪ, ತಾಯಿ ಹಾಲಿನ ಜೊತೆ ಇಳಿದು ಬಂದದ್ದು ಅಂತ. ಇನ್ನು ಕೆಲವರು ಇದು ಕೊಡೆ ಇದ್ದ ಹಾಗೆ, ಬೇಕಾದಾಗ ಬಿಚ್ಚೋದು ಬೇಡವಾದಾಗ ಮಡಿಸೋದು ಅಂತಾರೆ. ನೀವು ಒಂದು ಕೆಲಸ ಮಾಡಿ. ಬೇಲಿಯೊಳಗೆ ಏನು ಬೆಳೆದಿದೆ ಅಂತ ಆಮೇಲೆ ನೋಡಿ. ಬೇಲಿ ಎಲ್ಲಿದೆ, ಅದನ್ನ ಯಾರು ಕಾಯ್ತಾರೆ, ಯಾರನ್ನ ಯಾವಾಗ ಒಳಗೆ ಬಿಡ್ತಾರೆ, ಅದನ್ನ ಮೊದಲು ನೋಡಿ. ಬೆಳೆ ಬದಲಾಗ್ತದೆ, ಬೇಲಿ ಇರ್ತದೆ.”

ನಾನು ಆ ಪಾಠದಿಂದ ಕಲಿತದ್ದು ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸುವ ರೀತಿಯನ್ನು. ಉಳಿದದ್ದನ್ನು ನಮ್ಮ ದೊಡ್ಡವ್ವನಿಂದ ಕಲಿತೆ.

ದೊಡ್ಡವ್ವ, ಅಂದರೆ ಗೋಡೆಯಾಚೆಯ ಮನೆಯ ಯಜಮಾನಿ, ಮಂಜಣ್ಣನ ತಾಯಿ. ಶ್ರೀರಂಗಪಟ್ಟಣದವಳು. ನಮ್ಮ ಕಡೆ ಆ ಊರಿಗೆ ಬರೀ ಪಟ್ಟಣ ಅಂದರೆ ಸಾಕು. ದೊಡ್ಡವ್ವನ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಜನಾಂಗ: ನಾಲೆ ನೀರು ಕುಡಿದವರು ಮತ್ತು ಮೇಗಡೆಯೋರು. ಮೇಗಡೆ ಅಂದರೆ ನಾಲೆ ಹತ್ತದ, ಮಳೆ ನಂಬಿದ ಎತ್ತರದ ಸೀಮೆ, ನಾಗಮಂಗಲ, ಕೆ.ಆರ್.ಪೇಟೆಯ ಮೇಲುಭಾಗ. ಜಾತಿ ಒಂದೇ, ಮನೆದೇವರು ಒಂದೇ, ಬೈಗುಳ ಕೂಡ ಒಂದೇ. ಆದರೂ ಅವರು ಬೇರೆ ಜನ. ಅದೇ ಪಟ್ಟಣದ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟ ಜಬ್ಬಾರ್ ಸಾಬರು ಮಾತ್ರ ‘ನಮ್ಮೋರು’. ಮದುವೆ ಸೀರೆ, ನಾಮಕರಣದ ಸೀರೆ, ಎಲ್ಲ ಅಲ್ಲೇ. ಸಾಬರೂ ದೊಡ್ಡವ್ವನನ್ನು ಕಂಡಕೂಡಲೇ ಮೈಸೂರಿನ ಗಿರಾಕಿಗಳನ್ನು ಪಕ್ಕಕ್ಕೆ ಸರಿಸಿ, “ಆವೋ ಅಕ್ಕ, ನಮ್ ಪಟ್ಟಣದ್ ಮಗಳು ಬಂದ್ಳು. ಇವ್ರೆಲ್ಲ ಮೈಸೂರೋರು, ರೇಟು ಕೇಳಿ ಒಂಟೋಗ್ತಾರೆ” ಅನ್ನುತ್ತಿದ್ದರು. ಒಂದು ದಿನ ನಾನು, “ಅಲ್ಲ ದೊಡ್ಡವ್ವ, ಸಾಬ್ರು ನಮ್ಮೋರು, ನಾಗಮಂಗಲದ ನೆಂಟ್ರು ಬೇರೆಯೋರಾ?” ಅಂದೆ. “ಸಾಬ್ರು ಕಾವೇರಿ ನೀರು ಕುಡ್ದವ್ರೆ ಕಣ್ಲಾ. ಅವ್ರು ಎಲ್ಲಿ ಕುಡ್ದವ್ರೆ?” ಅಂದಳು. ಇದಕ್ಕೆ ಯಾವ ಪಂಡಿತರ ಹತ್ತಿರ ಉತ್ತರವಿದೆ, ಹೇಳಿ.

ಇಂಥ ಬೇಲಿ ಜರುಗಿದ್ದು ಮಂಜಣ್ಣನಿಂದ.

ಮಂಜಣ್ಣ ಒಳ್ಳೆಯವನು. ಕಬ್ಬು, ಭತ್ತ, ಕೊಟ್ಟಿಗೆ ತುಂಬ ಸೀಮೆಹಸು. ಕೂದಲು ಮಾತ್ರ ಮುಂದಿನಿಂದ ರಾಜೀನಾಮೆ ಕೊಡುತ್ತಾ ಬಂದಿತ್ತು. ಬೇಸಾಯ ಮಾಡುವ ಗಂಡಿಗೆ ಹೆಣ್ಣು ಸಿಗದ ಕಾಲ ಇದು, ನಿಮಗೆ ಗೊತ್ತಿರುವುದೇ. ಮೊದಮೊದಲು ದೊಡ್ಡವ್ವ ಪಟ್ಟಣದ ಕಡೆಯ ಹುಡುಗಿಯೇ ಬೇಕು ಅಂದಳು. ಮರುವರ್ಷ ಪಾಂಡವಪುರದವರೂ ನಮ್ಮೋರೇ ಅಂದಳು. ಆಮೇಲೆ ಕೆ.ಆರ್.ಪೇಟೆಯಲ್ಲಿ ನಾಲೆಯ ಬದಿಗಿರುವವರು ನಮ್ಮೋರಾದರು. ಆಮೇಲೆ ನಾಲೆ ಕಣ್ಣಿಗೆ ಕಾಣುವಷ್ಟು ದೂರದವರು. ಹುಡುಗಿ ಸಿಗದ ಒಂದೊಂದು ಯುಗಾದಿಗೂ ‘ನಮ್ಮೋರು’ ಒಂದೊಂದು ಹೋಬಳಿ ಬೆಳೆಯುತ್ತಾ ಹೋದರು. ಸಾಮ್ರಾಜ್ಯಗಳು ಕೂಡ ಇಷ್ಟು ಶಾಂತವಾಗಿ ವಿಸ್ತಾರವಾಗಿರಲಿಕ್ಕಿಲ್ಲ.

ನಾನು ಇದನ್ನೆಲ್ಲ ಆಡಿಕೊಂಡು ತಿರುಗುತ್ತಿದ್ದೆ. ಆದರೆ ಮಂಜಣ್ಣ ಮದುವೆಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟಿದ್ದ. “ನಿಂದ್ಯಾವಾಗಪ್ಪ?” ಅಂತ ಯಾರಾದರೂ ಕೇಳುತ್ತಾರೆಂದು ಬಡಿಸುವ ನೆವದಲ್ಲಿ ಬಕೆಟ್ಟು ಹಿಡಿದು ಓಡಾಡುತ್ತಿದ್ದ. ಒಂದು ಸಂಜೆ ಹಾಲು ಕರೆಯುತ್ತಾ, ತಲೆಯನ್ನು ಹಸುವಿನ ಹೊಟ್ಟೆಗೆ ಆನಿಸಿಕೊಂಡೇ, “ಲೇ, ನೀನು ಎಲ್ಲಾರ ಥರವಾ ಮಾತಾಡ್ತೀಯಲ್ಲ, ಗಂಡ ಆದೋನು ಎಂಗ್ ಮಾತಾಡ್ತಾನೆ ತೋರ್ಸ್ಲಾ ಒಸಿ” ಅಂದ. ನನ್ನ ಬಾಯಿಂದ ಯಾವ ದನಿಯೂ ಬರಲಿಲ್ಲ.

ಅಂತೂ ನಾಗಮಂಗಲದಾಚೆ, ಆದಿಚುಂಚನಗಿರಿಯ ಕಡೆಯ ಊರೊಂದರಿಂದ ಸಂಬಂಧ ಬಂತು. ಹುಡುಗಿ ಸವಿತ, ನಾಗಮಂಗಲದ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರು. ದೊಡ್ಡವ್ವ ಕಾರಿನಲ್ಲಿ ಕೂತು ಕಿಟಕಿಯಾಚೆಯ ಹುರುಳಿ ಹೊಲಗಳನ್ನು ನೋಡಿ ನಿಟ್ಟುಸಿರು ಬಿಟ್ಟಳು. ನನಗೆ ತಾಕೀತು: “ನೀನು ಬಾಯಿ ಬುಡಂಗಿಲ್ಲ.”

ಊಟಕ್ಕೆ ಕೂತೆವು. ಎಲೆ ತುಂಬ ಬೆಳ್ಳನೆಯ ಅನ್ನ. ಪಾಯಸ, ಪಲ್ಯ, ಹಪ್ಪಳ, ಮತ್ತೆ ಅನ್ನ. ನಮ್ಮ ಮಂಜಣ್ಣ ಮಧ್ಯಾಹ್ನ ಮುದ್ದೆ ಬೀಳದಿದ್ದರೆ ಸಂಜೆ ನೆಟ್ಟಗೆ ನಿಲ್ಲಲಾಗದವನು. ನಾಲೆಯವರು ಅನ್ನ ಉಣ್ಣುವವರು, ನಮ್ಮ ರಾಗಿಹಿಟ್ಟು ಕಂಡರೆ ಏನಂದುಕೊಂಡಾರೋ ಅಂತ ಆ ಮನೆಯವರು ಮುದ್ದೆಯನ್ನೇ ಎಲೆಯ ಮೇಲೆ ಕಾಣಿಸಿರಲಿಲ್ಲ. ಒಳಗಿಂದ ಅದರ ಬಿಸಿ ವಾಸನೆ ಬರುತ್ತಿತ್ತು. ನಾವು ಮೂಗರಳಿಸಿಕೊಂಡು ಅನ್ನ ಕೆದಕುತ್ತಾ ಕೂತೆವು.

ಆಗ ಬಂದಳು ಅಜ್ಜಿ. ಗಲ್ಲಕ್ಕೆ ಬೆರಳಿಟ್ಟು, ಕೊನೆಯ ಅಕ್ಷರವನ್ನು ಬಾವಿಗೆ ಹಗ್ಗ ಬಿಟ್ಟ ಹಾಗೆ ಇಳಿಬಿಡುತ್ತಾ, “ಯಾಕಪ್ಪಾಆ… ಅನ್ನ ಇಳೀತಾ ಇಲ್ವಾಆ…” ಅಂದಳು.

ನಾನು ಗಲ್ಲಕ್ಕೆ ಬೆರಳಿಟ್ಟು, “ಇಳೀತದೆ ಕಣವ್ವಾಆ… ಒಸಿ ನಿಧಾನಕ್ಕೆ ಇಳೀತದೆಏ…” ಅಂದುಬಿಟ್ಟೆ.

ಬಾಯಿಂದ ಹೊರಟ ರಾಗ ಮುಗಿಯುವ ಹೊತ್ತಿಗೆ ಏನಾಯಿತೆಂದು ನನಗೇ ಗೊತ್ತಾಯಿತು. ಮಂಜಣ್ಣ ಎಲೆ ನೋಡುತ್ತಾ ಕೂತ. ಹುಡುಗಿಯ ಸೋದರಮಾವ ಪುಟ್ಟರಾಜಣ್ಣ ಸಾರಿನ ಬಕೆಟ್ಟನ್ನು ಕೆಳಗಿಟ್ಟರು. “ಇದೇನ್ರಪ್ಪ, ಸಂಬಂಧ ಕೇಳಕ್ ಬಂದಿದ್ದೀರೋ, ಮೇಗಡೆಯೋರ್ನ ಆಡ್ಕಳಕ್ ಬಂದಿದ್ದೀರೋ?”

ದೊಡ್ಡವ್ವ ಸರಿಮಾಡಲು ಹೋದಳು. “ತಪ್ಪು ತಿಳ್ಕಬೇಡಿ, ಅವನ ಬಾಯೇ ಅಂಗೆ. ಅನ್ನ ಬಾಳ ಚೆನ್ನಾಗಿ ಮಾಡಿದ್ದೀರ. ನಿಮ್ ಕಡೆ ಅನ್ನ ಮಾಡಕ್ ಬರಲ್ಲ ಅಂದಿದ್ರು, ಸುಳ್ಳು.”

ನಾನು ಹಚ್ಚಿದ್ದು ಕಡ್ಡಿ. ಅದಕ್ಕೆ ಸೀಮೆಎಣ್ಣೆ ಸುರಿದದ್ದು ದೊಡ್ಡವ್ವ. ಆ ಮನೆಯಲ್ಲಿ ಬೇಜಾರಾಗದೆ ಇದ್ದವಳು ಅಜ್ಜಿ ಒಬ್ಬಳೇ. “ನಿಮ್ಮವ್ವ ಯಾವೂರೋಳಪ್ಪ? ನಮ್ಮ ಕಡೆಯೋಳಿರ್ಬೇಕು” ಅಂದು ಒಳಗೆ ಹೋದಳು. ಬಾಗಿಲ ಬಳಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಸವಿತಳ ಕೈಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹೆದರಿದ್ದಾಳೆ ಅಂದುಕೊಂಡೆ. ತಲೆ ಎತ್ತಿದಾಗ ಗೊತ್ತಾಯಿತು, ನಗು ತಡೆಯುತ್ತಿದ್ದಳು.

ಫೋನು ಮಾಡ್ತೀವಿ ಅಂದರು. ಮದುವೆ ಮಾತಿನಲ್ಲಿ ಹಾಗಂದರೆ ಮಾಡುವುದಿಲ್ಲ ಅಂತ. ವಾಪಸು ಬರುವಾಗ ಮಂಜಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಬುಡ್ಲಾ, ನಿನ್ನಿಂದ ಅಲ್ಲ, ನನ್ ಅಣೇಬರ” ಅಂದ. ಆಮೇಲೆ ನಾನು ಹೇಳದೇ ಕೇಳದೇ ಅವನ ಕೊಟ್ಟಿಗೆಯ ಸಗಣಿ ಬಾಚಲು ಹೋಗತೊಡಗಿದೆ. ಎಂ.ಎ. ಮಾಡಿದ ಮೇಲೆ ಕೈಗೆ ಹತ್ತಿದ ಮೊದಲ ಕ್ಷೇತ್ರಕಾರ್ಯ ಅದು.

ಆದರೆ ಫೋನು ಬಂತು. ಮನೆ ನೋಡಲು ಬರುತ್ತೇವೆ ಅಂದರು. ನಮ್ಮಲ್ಲಿ ಮನೆ ನೋಡಲು ಬರುವವರು ಹಿರಿಯರು. ಇಲ್ಲಿ ಹುಡುಗಿಯೂ ಬರುತ್ತಾಳಂತೆ, ಅವಳದೇ ಹಟವಂತೆ. ದೊಡ್ಡವ್ವ ಮೂಗುಮುರಿದರೂ ಮರುದಿನವೇ ಗೋಡೆಗೆ ಸುಣ್ಣ ಹೊಡೆಸಿದಳು. ಅಡುಗೆ ಮಾತು ಬಂದಾಗ ಮಂಜಣ್ಣ ಮೆಲ್ಲಗೆ, “ಇಟ್ಟು ಮಾಡ್ಬುಡವ್ವ, ಅವ್ರು ಅದನ್ನೇ ಉಣ್ಣೋರು, ನಾವೂ ಅದನ್ನೇ ಉಣ್ಣೋರು” ಅಂದ. ಇಟ್ಟು ಅಂದರೆ ನಮ್ಮಲ್ಲಿ ಮುದ್ದೆ.

“ಇಟ್ಟು ಇಕ್ಕುದ್ರೆ, ಮೇಗಡೆಯೋರಿಗೆ ಇಷ್ಟೇ ಸಾಕು ಅಂತ ಇಕ್ಕುದ್ರು ಅಂತಾರೆ ಕಣ್ಲಾ” ಅಂದಳು ದೊಡ್ಡವ್ವ.

ಅದೂ ನಿಜವೇ. ಮುದ್ದೆ ಇಟ್ಟರೆ ಅವಮಾನ, ಇಡದಿದ್ದರೆ ಜಂಬ. ಕೊನೆಗೆ ಅಡುಗೆಮನೆಯಲ್ಲಿ ಮನೆಯವರಿಗೆಂದು ಮುದ್ದೆ ಕಟ್ಟಿ ಕುಕ್ಕೆ ಕವುಚಿ ಮುಚ್ಚಿಟ್ಟು, ಹೊರಗೆ ಅನ್ನದ ಗುಡ್ಡ ಎಬ್ಬಿಸಿದರು.

ಬಂದರು. ಪುಟ್ಟರಾಜಣ್ಣನ ಜೊತೆ ಅಜ್ಜಿಯೂ ಇದ್ದಳು. ಸವಿತ ಬಂದವಳೇ ಕೊಟ್ಟಿಗೆ ನೋಡುತ್ತೇನೆ ಅಂದಳು. ಮಂಜಣ್ಣ ಹಸುಗಳ ಹೆಸರು ಹೇಳುತ್ತಾ ಮುಂದೆ ಹೋದ; ಅವನ ದನಿ ಅಷ್ಟು ಸಲೀಸಾಗಿ ಹೊರಟದ್ದನ್ನು ನಾನು ಆವತ್ತೇ ಕೇಳಿದ್ದು. ಹಿತ್ತಲ ಬೇಲಿಯ ಹತ್ತಿರ ಬೀದಿಯ ಹೆಂಗಸರೆಲ್ಲ ಹುಡುಗಿ ನೋಡಲು ನೆರೆದಿದ್ದರು: ಕಿಕ್ಕೇರಿಯೋಳು, ಬನ್ನೂರೋಳು, ಮೇಲುಕೋಟೆಯೋಳು. ಅವರ ಹೆಸರುಗಳು ನನಗೂ ಗೊತ್ತಿಲ್ಲ, ಹುಟ್ಟಿದಾಗಿನಿಂದ ತವರೂರಿನ ಹೆಸರಲ್ಲೇ ಕೇಳಿ ಅಭ್ಯಾಸ. ಸವಿತ ಅವರ ಜೊತೆ ಬಹಳ ಹೊತ್ತು ಮಾತಾಡುತ್ತಾ ನಿಂತಿದ್ದಳು.

ಎಲೆ ಹಾಕಿದೆವು. ಅನ್ನ ಬಂತು. ಪುಟ್ಟರಾಜಣ್ಣ ಅದನ್ನು ಎರಡು ಬೆರಳಲ್ಲಿ ತಿರುವುತ್ತಾ ಮಾತು ತೆಗೆದರು.

“ನೋಡಿ ತಾಯಿ, ಗಂಡಿನ ಮೇಲೆ ನಂದೇನೂ ದೂರಿಲ್ಲ. ನಮ್ ದೊಡ್ಡಕ್ಕನ್ನ ನಾಲೆ ಕಡೆಗೇ ಕೊಟ್ಟಿದ್ವು. ಈಗ ಮೊಮ್ಮಕ್ಕಳವ್ರೆ. ಇವತ್ತಿಗೂ ನಲ್ಲಿ ತಾವ ನೀರಿಗೆ ಓದ್ರೆ, ‘ನಾಗಮಂಗಲದೋಳೇ, ನಿಮ್ ಕಡೆ ಇಷ್ಟು ನೀರು ಕಂಡಿದ್ಯಾ’ ಅಂತಾರೆ. ಅವಳ ಎಸ್ರು ಲಕ್ಷ್ಮಿ ಅಂತ. ಅದು ಅವಳಿಗೇ ಮರ್ತೋಗದೆ. ಈ ಮಗೂನೂ ಸಾಯಗಂಟ ಮೇಗಡೆಯೋಳು ಅನ್ನಿಸ್ಕಂಡೇ ಬಾಳ್ಬೇಕಾ? ಅದೊಂದು ಏಳ್ಬುಡಿ.”

ಮಂಜಣ್ಣ ನನ್ನ ಕಡೆ ನೋಡಿದ. ಬಾಯಿ ಮುಚ್ಚಿಕೊಂಡಿರು ಅನ್ನುವ ನೋಟ ಅದು. ನಾನು ಕಾಪಾಡು ಅಂತ ಓದಿಕೊಂಡೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಶುರುಹಚ್ಚಿಕೊಂಡೆ. ಮೇಗಡೆ, ಕೆಳಗಡೆ ಅನ್ನೋದೆಲ್ಲ ನಾವೇ ಹಾಕ್ಕೊಂಡ ಬೇಲಿ ಸಾರ್, ಒಳಗೆ ನೋಡಿದರೆ ಎರಡೂ ಕಡೆ ಒಂದೇ ಬೆಳೆ. ಬೇಕಾದರೆ ಈಗಲೇ ತೋರಿಸುತ್ತೇನೆ, ಅಡುಗೆಮನೆಯಲ್ಲಿ ಕುಕ್ಕೆ ಕೆಳಗೆ ಮುದ್ದೆ ಮುಚ್ಚಿಟ್ಟಿದ್ದೇವೆ. ಆವತ್ತು ನಿಮ್ಮ ಮನೆಯಲ್ಲೂ ಮುಚ್ಚಿಟ್ಟಿದ್ದಿರಿ, ವಾಸನೆ ಬಂದಿತ್ತು.

ದೊಡ್ಡವ್ವನ ಮುಖ ಹೇಗಾಯಿತು ಅಂತ ಈವರೆಗೆ ನಾನು ಅನುಕರಣೆ ಮಾಡಿಲ್ಲ. ಮಾಡುವ ಧೈರ್ಯವಿಲ್ಲ. ಸವಿತಳ ಅಜ್ಜಿಯೇ ಪಾರುಮಾಡಿದಳು: “ಇಟ್ಟು ಇಟ್ಕಂಡು ಇದನ್ನ್ಯಾಕವ್ವ ಇಕ್ಕುದ್ರಿ? ತಕ್ಕಬನ್ನಿ.” ಕುಕ್ಕೆ ಎದ್ದಿತು. ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ಎರಡೂ ಸೀಮೆಯವರು ಒಂದೇ ಥರ ಬೆರಳು ಅದ್ದಿ, ಒಂದೇ ಥರ ಮುರಿದು, ಅಗಿಯದೆ ನುಂಗಿದರು. ಗಂಟಲುಗಳು ಒಂದೇ ಥರ ಮೇಲೆ ಕೆಳಗೆ ಆಡಿದವು. ನಾನು ಗೆದ್ದೆ ಅಂದುಕೊಂಡೆ. ನಮ್ಮ ಮೇಷ್ಟ್ರು ಇರಬೇಕಿತ್ತು ಅಂದುಕೊಂಡೆ.

ಪುಟ್ಟರಾಜಣ್ಣ ನೆಮ್ಮದಿಯಾಗಿ ಉಂಡು, ಕೈ ತೊಳೆದುಕೊಂಡು ಬಂದು, ಟವೆಲಿನಲ್ಲಿ ಬಾಯಿ ಒರೆಸಿಕೊಂಡರು. “ಇಟ್ಟು ಚೆನ್ನಾಗಿತ್ತು ಕಣಪ್ಪ. ದೊಡ್ಡಕ್ಕನ ಮನೇಲೂ ಇಟ್ಟೇ ಉಣ್ಣೋದು. ಆದ್ರೂ ಅಂಗಂತಾರೆ. ನಾನು ಕೇಳಿದ್ದುಕ್ಕೆ ಉತ್ತರ ಬರ್ನಿಲ್ಲ.”

ಮೇಷ್ಟ್ರು ಹೇಳಿದ್ದೂ ಇದನ್ನೇ ಅಲ್ಲವೇ? ಬೆಳೆ ಒಂದೇ ಆದಮಾತ್ರಕ್ಕೆ ಬೇಲಿ ಎದ್ದು ಹೋಗುವುದಿಲ್ಲ ಅಂತ. ಪರೀಕ್ಷೆಯಲ್ಲಿ ಬರೆದಿದ್ದೆ, ಮರೆತಿದ್ದೆ. ಈ ಸಲ ನಿಜವಾಗಿ ಬಾಯಿ ಮುಚ್ಚಿಕೊಂಡೆ. ಮಂಜಣ್ಣ ಎದ್ದು ಕಂಬಕ್ಕೆ ಒರಗಿ ನಿಂತ, ಮದುವೆಮನೆಯಲ್ಲಿ ಬಕೆಟ್ಟು ಹಿಡಿದು ನಿಲ್ಲುತ್ತಿದ್ದ ಹಾಗೇ.

ದೊಡ್ಡವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಸುಳ್ಳು ಹೇಳಿ ಹುಡುಗಿ ತಂದಳು ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು. “ನಾನು ಅನ್ನಲ್ಲ ಅಂತ ಏಳ್ಬೌದು ಕಣಣ್ಣ. ಬೀದಿ ಬಾಯಿ ನಾನೆಂಗ್ ಇಡ್ಯಲಿ? ಅಂದೇ ಅಂತಾರೆ” ಅಂದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು. “ನೀನೇ ಏಳವ್ವ. ನಾಳೆ ದಿನ ಈ ಬೀದಿ ಎಂಗುಸ್ರು ನಿನ್ನ ಮೇಗಡೆಯೋಳು ಅಂದ್ರೆ ಏನ್ ಮಾಡೀಯೆ?”

ಹಿತ್ತಲ ಬಾಗಿಲಲ್ಲಿ ಕಿಕ್ಕೇರಿಯೋಳು, ಬನ್ನೂರೋಳು, ಮೇಲುಕೋಟೆಯೋಳು ಕಿವಿ ಕೊಟ್ಟು ನಿಂತಿದ್ದರು. ಸವಿತ ಅವರನ್ನೊಮ್ಮೆ ನೋಡಿ, ದೊಡ್ಡವ್ವನ ಕಡೆ ತಿರುಗಿದಳು.

“ಅನ್ಲಿ ಬುಡಿ ಅತ್ತೆ. ಈ ಬೀದೀಲಿ ಇದೇ ಊರಲ್ಲಿ ಉಟ್ಟಿರೋ ಎಂಡ್ತಿ ಒಬ್ಳನ್ನ ತೋರ್ಸಿ, ಅವಳು ಅಂಗಂದ್ರೆ ಬೇಜಾರ್ ಮಾಡ್ಕತೀನಿ.”